ಹೇಸರಗತ್ತೆಗಳ ಹಾದಿ

1828ರ ಜುಲೈ 4ರಂದು ಅಮೆರಿಕದಲ್ಲಿ ಒಂದೇ ದಿನ ಎರಡು ಕಡೆ ಗುದ್ದಲಿಪೂಜೆ ನಡೆಯಿತು. ವಾಷಿಂಗ್ಟನ್ ನಗರದ ಹೊರಗೆ, ಪೊಟೊಮ್ಯಾಕ್ ನದಿಯ ದಂಡೆಯಲ್ಲಿ, ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಚೆಸಪೀಕ್ ಮತ್ತು ಒಹಾಯೊ ಕಾಲುವೆಯ ಮೊದಲ ಮಣ್ಣು ಎತ್ತಬೇಕಿತ್ತು. ಸಲಿಕೆ ಮರದ ಬೇರಿಗೆ ತಾಗಿ ಒಳಗಿಳಿಯಲಿಲ್ಲ. ಮತ್ತೆ ಹಾಕಿದರು, ಮತ್ತೆ ಇಳಿಯಲಿಲ್ಲ. ಕೊನೆಗೆ ಅಧ್ಯಕ್ಷರು ಕೋಟು ಬಿಚ್ಚಿ ಬದಿಗೆಸೆದು ಕೈಹಚ್ಚಿದಾಗ ನೆರೆದ ಜನ ಕೇಕೆ ಹಾಕಿದರು. ಅದೇ ದಿನ ಬಾಲ್ಟಿಮೋರಿನಲ್ಲಿ ತೊಂಬತ್ತರ ಮುದುಕ ಚಾರ್ಲ್ಸ್ ಕ್ಯಾರಲ್ ಬಾಲ್ಟಿಮೋರ್ ಮತ್ತು ಒಹಾಯೊ ರೈಲುಮಾರ್ಗದ ಮೊದಲ ಕಲ್ಲು ಇಟ್ಟರು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರ ಪೈಕಿ ಆಗ ಬದುಕಿ ಉಳಿದಿದ್ದವರು ಅವರೊಬ್ಬರೇ. ಎರಡೂ ಕಂಪನಿಗಳ ಹೆಸರಿನಲ್ಲಿ ಒಹಾಯೊ ಇದೆ, ಏಕೆಂದರೆ ಎರಡರ ಗುರಿಯೂ ಒಂದೇ: ಅಟ್ಲಾಂಟಿಕ್ ಕರಾವಳಿಯ ವ್ಯಾಪಾರವನ್ನು ಅಲೆಘೆನಿ ಬೆಟ್ಟಸಾಲು ದಾಟಿಸಿ ಒಹಾಯೊ ನದಿಯ ಕಣಿವೆಗೆ ಮುಟ್ಟಿಸುವುದು.

ಈ ಓಟದಲ್ಲಿ ಕಾಲುವೆ ಸೋತಿತು. ಅದು ಸೋತದ್ದರಿಂದಲೇ ಇವತ್ತು ಸೈಕಲ್ ಸವಾರರಿಗೆ ಒಂದು ಅಪರೂಪದ ದಾರಿ ಸಿಕ್ಕಿದೆ. ವಾಷಿಂಗ್ಟನ್ನಿನ ಜಾರ್ಜ್‌ಟೌನಿನಿಂದ ಮೇರಿಲ್ಯಾಂಡಿನ ಕಂಬರ್ಲ್ಯಾಂಡ್ ಊರಿನವರೆಗೆ ಹಳೆಯ ಕಾಲುವೆಯ ದಂಡೆ, 184.5 ಮೈಲಿ. ಅಲ್ಲಿಂದ ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗಿನವರೆಗೆ ಕಿತ್ತುಹಾಕಿದ ರೈಲುಹಳಿಗಳ ದಾರಿ, 150 ಮೈಲಿ. ಇದಕ್ಕೆ ಗ್ರೇಟ್ ಅಲೆಘೆನಿ ಪ್ಯಾಸೇಜ್ ಎಂದು ಹೆಸರು. ಎರಡೂ ಸೇರಿದರೆ ಸುಮಾರು 540 ಕಿಲೋಮೀಟರ್. ಕಾಡು, ಬೆಟ್ಟ, ನದಿಕಣಿವೆಗಳ ನಡುವೆ ಸಾಗುವ ಈ ದಾರಿಗೆ ಕಾರು, ಲಾರಿಗಳು ಬರುವಂತಿಲ್ಲ. ಅಲ್ಲಲ್ಲಿ ಒಂದು ಊರರಸ್ತೆ ಅಡ್ಡ ಹಾಯುತ್ತದೆ, ಅಷ್ಟೆ.

ಗ್ರಾವೆಲ್ ಬೈಕ್ ಎಂಬ ಸೈಕಲ್ ಈಗ ಬೆಂಗಳೂರಿನ ಅಂಗಡಿಗಳಲ್ಲೂ ಸಿಗುತ್ತದೆ. ರೇಸ್ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್, ಆದರೆ ಅದಕ್ಕಿಂತ ದಪ್ಪ ಟೈರು. ಡಾಂಬರು ಮುಗಿದ ಮೇಲೂ ಹೋಗಬೇಕೆನ್ನುವವರಿಗಾಗಿ ಮಾಡಿದ್ದು. ಪಿಟ್ಸ್‌ಬರ್ಗ್ ಕಡೆಯ ಹಾದಿಗೆ ಹಾಸಿರುವುದು ಪುಡಿ ಮಾಡಿದ ಸುಣ್ಣಕಲ್ಲು. ಅದರ ನುಣ್ಣನೆಯ ಪುಡಿ ಮಳೆನೀರು ಕುಡಿದು ಒಣಗಿದಾಗ ತೆಳು ಗಾರೆಯ ಹಾಗೆ ಬಿಗಿಯುತ್ತದೆ, ಚಕ್ರ ಹೂತುಹೋಗುವುದಿಲ್ಲ. ಕಾಲುವೆಯ ಕಡೆ ಬಹುಪಾಲು ಬರೀ ಮಣ್ಣು, ಜೇಡಿ. ಮಳೆ ಬಂದರೆ ಗದ್ದೆಯಲ್ಲಿ ಸೈಕಲ್ ನೂಕಿದಂತೆ. ಈಗೀಗ ಅಲ್ಲೂ ತುಂಡು ತುಂಡಾಗಿ ಜಲ್ಲಿಪುಡಿ ಹಾಸುತ್ತಿದ್ದಾರೆ.

ಪ್ರವಾಸದ ಕರಪತ್ರಗಳು ಈ ದಾರಿಯನ್ನು ನಿಸರ್ಗದ ಮಡಿಲು ಎಂಬ ಧಾಟಿಯಲ್ಲಿ ಬಣ್ಣಿಸುತ್ತವೆ. ನನಗೆ ತಕರಾರಿರುವುದು ಅಲ್ಲೇ. ಇಲ್ಲಿಯ ಮೌನ ಕಾಡಿನ ಮೌನವಲ್ಲ. ದೊಡ್ಡ ಕಾರ್ಖಾನೆಯೊಂದು ಬಾಗಿಲು ಹಾಕಿದ ಮೇಲಿನ ಮೌನ. ಮರಗಳು ಬಂದದ್ದು ಆಮೇಲೆ.

ಕಾಲುವೆಯ ದಂಡೆಯ ಮೇಲೆ ದೋಣಿ ಎಳೆಯುವ ಪ್ರಾಣಿಗಳು ನಡೆಯಲು ಮಾಡಿದ ದಾರಿಗೆ ಕನ್ನಡದಲ್ಲಿ ಹೆಸರಿಲ್ಲ, ಏಕೆಂದರೆ ನಮ್ಮಲ್ಲಿ ಅಂಥ ಕಾಲುವೆಗಳು ಇರಲಿಲ್ಲ. ನಮ್ಮ ಕಾಲುವೆಗಳು ಗದ್ದೆಗೆ ನೀರು ಹರಿಸಿದವು, ಸರಕನ್ನು ಘಟ್ಟ ಹತ್ತಿಸಿದ್ದು ಹೇರೆತ್ತುಗಳು. ಈ ಬರಹದ ಮಟ್ಟಿಗೆ ಅದನ್ನು ಎಳೆಹಾದಿ ಎನ್ನುತ್ತೇನೆ. ಸುಮಾರು 90 ಅಡಿ ಉದ್ದದ, ನೂರು ಟನ್ನಿಗೂ ಹೆಚ್ಚು ಕಲ್ಲಿದ್ದಲು ತುಂಬಿದ ದೋಣಿ. ಅದಕ್ಕೆ ಕಟ್ಟಿದ ಉದ್ದನೆಯ ಹಗ್ಗ. ಹಗ್ಗದ ತುದಿಯಲ್ಲಿ ಎರಡೋ ಮೂರೋ ಹೇಸರಗತ್ತೆ. ನಿಂತ ನೀರಿನಲ್ಲಿ ಅಷ್ಟು ಭಾರವನ್ನು ಅವು ನಡಿಗೆಯ ವೇಗದಲ್ಲಿ ಎಳೆಯಬಲ್ಲವು. ಆದರೆ ನದಿ ಇಳಿಜಾರಿನಲ್ಲಿ ಹರಿಯುತ್ತದೆ, ಕಾಲುವೆಯ ನೀರು ಸಮತಟ್ಟಾಗಿರಬೇಕು. ಹಾಗಾಗಿ ಕಲ್ಲಿನ ತೊಟ್ಟಿಗಳನ್ನು ಕಟ್ಟಿ, ಎರಡೂ ಕಡೆ ಬಾಗಿಲಿಟ್ಟು, ದೋಣಿ ಒಳಗೆ ಬಂದ ಮೇಲೆ ನೀರು ತುಂಬಿಸಿ ಅದನ್ನು ಮೇಲೆತ್ತುತ್ತಿದ್ದರು. ಲಾಕ್ ಎಂದು ಕರೆಯುವ ಇಂಥ ನೀರಿನ ಮೆಟ್ಟಿಲುಗಳು ಈ ಕಾಲುವೆಯಲ್ಲಿ 74. ಒಟ್ಟು ಏರು 605 ಅಡಿ. ಇವತ್ತು ಸೈಕಲ್ ತುಳಿಯುವವರಿಗೆ ಮೈಲಿಗಟ್ಟಲೆ ಏರಿಳಿತವೇ ತಿಳಿಯುವುದಿಲ್ಲ. ಒಂದೊಂದು ಲಾಕ್ ಬಂದಾಗ ಮಾತ್ರ ಎಂಟು ಅಡಿಯ ಸಣ್ಣ ದಿಬ್ಬ, ಪಕ್ಕದಲ್ಲಿ ಕಾವಲುಗಾರನ ಬಿಳಿ ಮನೆ.

ಪೊಟೊಮ್ಯಾಕ್ ಕಣಿವೆ ಪಾಯಿಂಟ್ ಆಫ್ ರಾಕ್ಸ್ ಎಂಬಲ್ಲಿ ಬಂಡೆಗೂ ನದಿಗೂ ನಡುವೆ ಬಹಳ ಇಕ್ಕಟ್ಟಾಗುತ್ತದೆ. ಅಲ್ಲಿ ಮೊದಲು ಯಾರ ಹಕ್ಕು ಎಂಬ ವ್ಯಾಜ್ಯ ಮೇರಿಲ್ಯಾಂಡಿನ ಉಚ್ಚ ನ್ಯಾಯಾಲಯಕ್ಕೆ ಹೋಯಿತು. 1832ರ ಜನವರಿಯಲ್ಲಿ ತೀರ್ಪು ಕಾಲುವೆಯ ಪರವಾಗಿ ಬಂತು. ಗೆದ್ದದ್ದು ಅದೊಂದೇ ಸಲ ಎನ್ನಬೇಕು. ಆಮೇಲೆ ಎರಡೂ ಕಂಪನಿಗಳು ರಾಜಿ ಮಾಡಿಕೊಂಡು ಪಕ್ಕಪಕ್ಕದಲ್ಲೇ ಮುಂದುವರಿದವು.

ಅಗೆದವರು ಯಾರು? ಬಹುಪಾಲು ಐರ್ಲೆಂಡಿನಿಂದ ಬಂದ ಕೂಲಿಗಳು. 1832ರಲ್ಲಿ, ಮರುವರ್ಷ ಮತ್ತೆ, ಕಾಲರಾ ಅವರ ಜೋಪಡಿಗಳಿಗೆ ನುಗ್ಗಿತು. 1834ರ ಜನವರಿಯಲ್ಲಿ, ಕಂಪನಿಯ ಬಳಿ ಹಣ ಖಾಲಿಯಾಗಿ ಕೆಲಸ ಕಡಿಮೆಯಾದಾಗ, ಐರ್ಲೆಂಡಿನ ಬೇರೆ ಬೇರೆ ಸೀಮೆಗಳಿಂದ ಬಂದ ಎರಡು ಗುಂಪುಗಳು ಇರುವ ಕೆಲಸಕ್ಕಾಗಿ ಬಡಿದಾಡಿಕೊಂಡವು. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸೈನ್ಯ ಕಳಿಸಿದರು. ಕಾರ್ಮಿಕರ ಗಲಾಟೆ ಅಡಗಿಸಲು ಅಮೆರಿಕದ ಒಕ್ಕೂಟ ಸರ್ಕಾರ ಸೈನ್ಯ ಬಳಸಿದ್ದು ಅದೇ ಮೊದಲು. ಇತಿಹಾಸಕಾರ ಪೀಟರ್ ವೇ 1993ರ ತಮ್ಮ 'ಕಾಮನ್ ಲೇಬರ್' ಪುಸ್ತಕದಲ್ಲಿ ಕಾಲುವೆ ಅಗೆದ ಕೂಲಿಗಳ ಬದುಕನ್ನೇ ಹಿಡಿದು ಬರೆದಿದ್ದಾರೆ. ಕಾಲುವೆಗಳನ್ನು ರಾಷ್ಟ್ರದ ಪ್ರಗತಿಯ ಕಥೆಯಾಗಿ ಮಾತ್ರ ಓದಿದವರು ಆ ಪುಸ್ತಕವನ್ನು ಒಮ್ಮೆ ನೋಡಬೇಕು. ಕಾರ್ಮಿಕ ಚರಿತ್ರೆ ಓದುವ ನಮ್ಮ ವಿದ್ಯಾರ್ಥಿಗಳಿಗೂ ಅದು ಉಪಯೋಗದ್ದು, ಏಕೆಂದರೆ ಕೂಲಿಗಳೇ ಬರೆದಿಟ್ಟದ್ದು ಬಹಳ ಕಡಿಮೆ ಇರುವಾಗ ಅವರ ಚರಿತ್ರೆ ಬರೆಯುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಯಂತೆ ಇಲ್ಲಿಯೂ ಇದೆ.

ಈ ದಾರಿಯಲ್ಲಿ ಎಲ್ಲರೂ ನೆನಪಿಟ್ಟುಕೊಳ್ಳುವ ಜಾಗ ಪಾ ಪಾ ಸುರಂಗ. ನದಿ ಅಲ್ಲಿ ಹಾವಿನಂತೆ ಸುತ್ತಿ ಸುತ್ತಿ ಹರಿಯುತ್ತದೆ. ಆ ಸುತ್ತು ತಪ್ಪಿಸಲು ಗುಡ್ಡದೊಳಗೆ 3,118 ಅಡಿ ಕೊರೆದರು. ಗುತ್ತಿಗೆದಾರ ಲೀ ಮಾಂಟ್ಗೊಮರಿ ಒಬ್ಬ ಪಾದ್ರಿ. 1836ರಲ್ಲಿ ಕೆಲಸ ಹಿಡಿದಾಗ ಎರಡು ವರ್ಷ ಸಾಕು ಎಂದುಕೊಂಡಿದ್ದರು. ಹಿಡಿದದ್ದು ಹದಿನಾಲ್ಕು ವರ್ಷ, ನಡುವೆ ಹಲವು ವರ್ಷ ಕೆಲಸವೇ ನಿಂತಿತ್ತು. ಸಂಬಳ ಸಿಗದ ಕೂಲಿಗಳು, ಮುಷ್ಕರ, ದಿವಾಳಿಯಾದ ಗುತ್ತಿಗೆದಾರ. ಒಳಗೋಡೆಗೆ ಸುಮಾರು 60 ಲಕ್ಷ ಇಟ್ಟಿಗೆ. ಇಷ್ಟೆಲ್ಲ ಆದ ಮೇಲೂ ಸುರಂಗದ ಅಗಲ ಒಂದು ದೋಣಿಗೆ ಮಾತ್ರ. ಎದುರುಬದುರಾಗಿ ಬಂದ ಇಬ್ಬರು ಹಟಮಾರಿ ದೋಣಿಗಾರರು ದಿನಗಟ್ಟಲೆ ಹಿಂದೆ ಸರಿಯದೆ ನಿಂತರೆಂದೂ, ಕೊನೆಗೆ ಕಂಪನಿಯವರು ಹಸಿ ಜೋಳದ ದಂಟಿಗೆ ಬೆಂಕಿ ಹಾಕಿ ಹೊಗೆಯೆಬ್ಬಿಸಿ ಅವರನ್ನು ಹೊರಡಿಸಿದರೆಂದೂ ಕಥೆ ಹೇಳುತ್ತಾರೆ. ನಾನು ಅಲ್ಲಿಗೆ ಹೋದಾಗ ಸೈಕಲ್ಲಿನಿಂದ ಇಳಿದು, ದೀಪ ಹಿಡಿದು, ನಡೆದೇ ದಾಟಿದೆ. ಎಳೆಹಾದಿಯ ಅಂಚಿಗೆ ಮರದ ಕಟಕಟೆ ಇದೆ. ಹಗ್ಗಗಳು ಉಜ್ಜಿ ಉಜ್ಜಿ ಅದರ ಮೇಲೆ ಮೂಡಿಸಿದ ಗೀರುಗಳು ಕೈಗೆ ಸಿಗುತ್ತವೆ. ಬಾವಿಯ ರಾಟೆಯಿಲ್ಲದ ಕಡೆ ಕಲ್ಲಿನ ಮೇಲೆ ಹಗ್ಗ ಮೂಡಿಸುವ ಗೀರು ನೋಡಿದ್ದರೆ ನಿಮಗೆ ಇದು ಹೊಸದಲ್ಲ.

ಕಾಲುವೆ ಕಂಬರ್ಲ್ಯಾಂಡ್ ಮುಟ್ಟಿದ್ದು 1850ರಲ್ಲಿ. ರೈಲು ಅಲ್ಲಿಗೆ ಬಂದು ಆಗಲೇ ಎಂಟು ವರ್ಷವಾಗಿತ್ತು. ಒಹಾಯೊ ನದಿಯವರೆಗೆ ಹೋಗುವ ಮಾತು ಅಲ್ಲಿಗೇ ನಿಂತಿತು. ಬೆಟ್ಟ ದಾಟಿ ಪಿಟ್ಸ್‌ಬರ್ಗ್ ತಲುಪುವ ಪೂರ್ತಿ ಕಾಲುವೆಗೆ 2.2 ಕೋಟಿ ಡಾಲರ್ ಬೇಕು ಎಂದು ಸೈನ್ಯದ ಎಂಜಿನಿಯರುಗಳು 1826ರಲ್ಲೇ ಲೆಕ್ಕ ಕೊಟ್ಟಿದ್ದರು. ಅರ್ಧ ದಾರಿಗೇ ಒಂದು ಕೋಟಿಗೂ ಹೆಚ್ಚು ಸುರಿದಾಗಿತ್ತು.

ಆದರೂ ಅದು ಬದುಕಿತು, ಕಲ್ಲಿದ್ದಲಿನಿಂದ. 1870ರ ದಶಕದ ಒಳ್ಳೆಯ ವರ್ಷಗಳಲ್ಲಿ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೆ ಸಮೀಪದಷ್ಟು ಸರಕು ಸಾಗಿತು. ದೋಣಿಯೇ ಮನೆ. ಗಂಡ ಚುಕ್ಕಾಣಿ ಹಿಡಿದರೆ ಹೆಂಡತಿ ಅಡುಗೆ ಮಾಡುತ್ತಾ ಸರದಿಯಲ್ಲಿ ಅದೇ ಚುಕ್ಕಾಣಿ ಹಿಡಿಯುತ್ತಿದ್ದಳು. ನೀರಿಗೆ ಬೀಳದಂತೆ ಎಳೆಮಕ್ಕಳನ್ನು ದೋಣಿಯ ಮೇಲೆ ಹಗ್ಗದಿಂದ ಕಟ್ಟಿಹಾಕುತ್ತಿದ್ದರು. ಸ್ವಲ್ಪ ದೊಡ್ಡವರಾದರೆ ಹೇಸರಗತ್ತೆಗಳ ಜೊತೆ ಎಳೆಹಾದಿಯಲ್ಲಿ ನಡೆಯುವುದು ಅವರ ಕೆಲಸ. ದೋಣಿಗಳು ವಸಂತದಿಂದ ಚಳಿಗಾಲದ ಹೊಸ್ತಿಲವರೆಗೆ ಓಡುತ್ತಿದ್ದವು, ಆದ್ದರಿಂದ ಶಾಲೆಯ ವರ್ಷದ ದೊಡ್ಡ ಪಾಲು ಅವರಿಗೆ ತಪ್ಪುತ್ತಿತ್ತು. ಕಾಲುವೆ ಮುಚ್ಚುವ ಕಾಲಕ್ಕೆ ಸರ್ಕಾರದ ಮಕ್ಕಳ ಇಲಾಖೆ ಈ ದೋಣಿಮಕ್ಕಳ ಬಗ್ಗೆ ಒಂದು ಅಧ್ಯಯನವನ್ನೇ ಮಾಡಿಸಿತು. ಈಗ ನಾವು ಬಿಡುವಿಗಾಗಿ ತುಳಿಯುವ ಹಾದಿಯನ್ನು ಗಟ್ಟಿ ಮಾಡಿದವರಲ್ಲಿ ಹತ್ತು-ಹನ್ನೆರಡು ವರ್ಷದ ಆ ಕಾಲುಗಳೂ ಸೇರಿವೆ.

1889ರ ಮೇ ಕೊನೆಯಲ್ಲಿ ಬಂದ ಮಹಾಪ್ರವಾಹ ಕಾಲುವೆಯನ್ನು ಕೊಚ್ಚಿಹಾಕಿತು. ಕಂಪನಿ ದಿವಾಳಿಯಾಗಿ, ಸಾಲಪತ್ರಗಳ ಮೂಲಕ ಆಸ್ತಿ ಹಳೆಯ ಎದುರಾಳಿಯಾದ ರೈಲು ಕಂಪನಿಯ ಕೈಗೇ ಹೋಯಿತು. ರೈಲಿನವರು ಅದನ್ನು ದುರಸ್ತಿ ಮಾಡಿಸಿ ಇನ್ನೂ ಮೂರು ದಶಕ ನಡೆಸಿದರು. ಕಾಲುವೆ ಬಿಟ್ಟುಕೊಟ್ಟರೆ ಆ ಸಪಾಟು ದಂಡೆಯ ಮೇಲೆ ಇನ್ನೊಂದು ರೈಲು ಕಂಪನಿ ಹಳಿ ಹಾಕಿಬಿಟ್ಟೀತು ಎಂಬ ಭಯ ಅವರಿಗಿತ್ತು. 1924ರ ಪ್ರವಾಹದ ನಂತರ ದೋಣಿಗಳು ಮತ್ತೆ ಓಡಲಿಲ್ಲ. 1938ರಲ್ಲಿ ಸರ್ಕಾರ ಇಡೀ ಕಾಲುವೆಯನ್ನು 20 ಲಕ್ಷ ಡಾಲರಿಗೆ ಕೊಂಡಿತು. ವಾಷಿಂಗ್ಟನ್ ಕಡೆಯ 22 ಮೈಲಿಯನ್ನು ದುರಸ್ತಿ ಮಾಡಿದವರು ಸಿವಿಲಿಯನ್ ಕನ್ಸರ್ವೇಷನ್ ಕೋರ್ ಎಂಬ ನಿರುದ್ಯೋಗಿಗಳ ದಳದ ಕಪ್ಪು ಯುವಕರು. ಆ ದಳದಲ್ಲೂ ಬಿಳಿಯರಿಗೆ ಬೇರೆ, ಕಪ್ಪುಜನರಿಗೆ ಬೇರೆ ಶಿಬಿರ.

ಎರಡನೇ ಮಹಾಯುದ್ಧದ ನಂತರ ಎಲ್ಲೆಲ್ಲೂ ಕಾರು. ಹೂಳು ತುಂಬಿದ ಕಾಲುವೆಯ ಮೇಲೆ ವಿಹಾರದ ಹೆದ್ದಾರಿ ಮಾಡಬೇಕೆಂಬ ಯೋಜನೆ ಬಂತು. 1954ರ ಜನವರಿಯಲ್ಲಿ 'ವಾಷಿಂಗ್ಟನ್ ಪೋಸ್ಟ್' ಅದನ್ನು ಬೆಂಬಲಿಸಿ ಸಂಪಾದಕೀಯ ಬರೆಯಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಆ ಪತ್ರಿಕೆಗೆ ಒಂದು ಕಾಗದ ಬರೆದರು: ಬನ್ನಿ, ನನ್ನ ಜೊತೆ ಇಡೀ ಕಾಲುವೆಯುದ್ದಕ್ಕೂ ನಡೆಯಿರಿ, ಆಮೇಲೆ ನಿಮ್ಮ ಅಭಿಪ್ರಾಯ ಹೇಳಿ ಎಂಬುದು ಅದರ ತಾತ್ಪರ್ಯ. ಸಂಪಾದಕರು ಒಪ್ಪಿದರು. ಮಾರ್ಚ್ 20ರಂದು ಕಂಬರ್ಲ್ಯಾಂಡಿನಿಂದ ಹೊರಟ ತಂಡದಲ್ಲಿ ಒಂದಷ್ಟಾದರೂ ದೂರ ನಡೆದವರು 58 ಜನ. ಎಂಟನೇ ದಿನ ವಾಷಿಂಗ್ಟನ್ ತಲುಪಿದಾಗ ಪೂರ್ತಿ ನಡೆದವರು ಒಂಬತ್ತೇ ಜನ, ಅವರಲ್ಲಿ 55 ವರ್ಷದ ಡಗ್ಲಸ್ ಒಬ್ಬರು. ಪತ್ರಿಕೆ ತನ್ನ ನಿಲುವು ಬದಲಿಸಿಕೊಂಡಿತು. 1961ರಲ್ಲಿ ಕಾಲುವೆಯ ಮೇಲ್ಭಾಗ ರಾಷ್ಟ್ರೀಯ ಸ್ಮಾರಕವಾಯಿತು, 1971ರ ಜನವರಿಯಲ್ಲಿ ಇಡೀ ಕಾಲುವೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು.

ಡಗ್ಲಸ್ ಈ ಜಾಗವನ್ನು ಕಂಡದ್ದು ಹಕ್ಕಿಗಳ, ಹೂಗಳ, ಏಕಾಂತದ ತಾಣವಾಗಿ. ಅವರ ವಾದದಲ್ಲಿ ಐರಿಷ್ ಕೂಲಿಗಳಿಗೂ ದೋಣಿಮಕ್ಕಳಿಗೂ ಹೆಚ್ಚು ಜಾಗವಿಲ್ಲ. ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ಇದು ಕಸಿವಿಸಿ ಮಾಡುತ್ತದೆ. ಆದರೆ ಒಪ್ಪಲೇಬೇಕು: ಕಾರ್ಮಿಕರ ದುಡಿಮೆಯ ಗುರುತು ಎಂದು ವಾದಿಸಿದ್ದರೆ 1954ರ ಅಮೆರಿಕದಲ್ಲಿ ಒಂದು ಹೆದ್ದಾರಿ ನಿಲ್ಲುತ್ತಿರಲಿಲ್ಲ. ಅದನ್ನು ಕಾಡು ಎಂದು ಓದಿದ್ದರಿಂದ ಸುರಂಗದ ಕಟಕಟೆಯ ಮೇಲಿನ ಹಗ್ಗದ ಗೀರು ಕೂಡ ಉಳಿಯಿತು.

ಕಂಬರ್ಲ್ಯಾಂಡಿನಿಂದ ಪಶ್ಚಿಮಕ್ಕೆ ಕಥೆ ಬೇರೆ. ಅಲ್ಲಿ ಕಾಲುವೆ ಇಲ್ಲ, ಬೆಟ್ಟ ಇದೆ. ಇಪ್ಪತ್ತೆರಡು ವರ್ಷದ ಜಾರ್ಜ್ ವಾಷಿಂಗ್ಟನ್ 1754ರಲ್ಲಿ ಫ್ರೆಂಚರ ಕೋಟೆಯ ಕಡೆಗೆ ಜಲಮಾರ್ಗ ಹುಡುಕುತ್ತಾ ಯಾಕಗೇನಿ ನದಿಯಲ್ಲಿ ಇಳಿದು, ಒಹಾಯೊಪೈಲ್ ಜಲಪಾತ ಕಂಡು ಹಿಂತಿರುಗಿದ್ದ. ಯಾಕಗೇನಿ, ಮೊನಾಂಗಹೀಲಾ, ಅಲೆಘೆನಿ, ಪೊಟೊಮ್ಯಾಕ್: ಈ ಹೆಸರುಗಳನ್ನು ಇಟ್ಟ ಮೂಲನಿವಾಸಿಗಳನ್ನು ಈ ಕಣಿವೆಗಳಿಂದ ಓಡಿಸಿದ ಮೇಲೂ ಹೆಸರುಗಳು ನದಿಗಳಲ್ಲಿ ಉಳಿದಿವೆ. ವಾಷಿಂಗ್ಟನ್ ಹಿಂತಿರುಗಿದ ಅದೇ ಕಣಿವೆಯಲ್ಲಿ, ನದಿಯ ಒಂದು ದಂಡೆಯಲ್ಲಿ ಬಾಲ್ಟಿಮೋರ್ ಮತ್ತು ಒಹಾಯೊ ರೈಲು, ಇನ್ನೊಂದು ದಂಡೆಯಲ್ಲಿ ಅದಕ್ಕೆ ಸ್ಪರ್ಧಿಯಾಗಿ 1912ರಲ್ಲಿ ವೆಸ್ಟರ್ನ್ ಮೇರಿಲ್ಯಾಂಡ್ ರೈಲು. ಎರಡೂ ಒಂದೇ ಒಡೆತನದ ಕೆಳಗೆ ಬಂದ ಮೇಲೆ ಒಂದೇ ಕಣಿವೆಯಲ್ಲಿ ಎರಡು ಹಳಿ ಯಾಕೆ ಎನಿಸಿತು. 1975ರಲ್ಲಿ ವೆಸ್ಟರ್ನ್ ಮೇರಿಲ್ಯಾಂಡ್ ಹಳಿಯನ್ನು ಕೈಬಿಟ್ಟರು. ಬಾಲ್ಟಿಮೋರ್ ಮತ್ತು ಒಹಾಯೊ ಎರಡನೇ ಬಾರಿ ಗೆದ್ದಿತು. ಸೋತ ಹಳಿಯ ಜಾಗದಲ್ಲಿ ಈಗ ಸೈಕಲ್ ಹಾದಿ, ಗೆದ್ದ ಹಳಿಯ ಮೇಲೆ ಇಂದಿಗೂ ಗೂಡ್ಸ್ ರೈಲು.

ಕೈಬಿಟ್ಟ ಹಳಿ ಹಾದಿಯಾಗುವುದು ಸುಲಭವಲ್ಲ. ರೈಲು ಕಂಪನಿಗಳಿಗೆ ಬಹಳ ಕಡೆ ಭೂಮಿಯ ಒಡೆತನ ಇರಲಿಲ್ಲ, ಹಳಿ ಹಾಯಿಸುವ ಹಕ್ಕು ಮಾತ್ರ ಇತ್ತು. ರೈಲು ನಿಂತರೆ ಆ ಹಕ್ಕು ಹೋಗಿ, ಪಟ್ಟಿ ತುಂಡು ತುಂಡಾಗಿ ಅಕ್ಕಪಕ್ಕದ ಹೊಲದವರಿಗೆ ಸೇರುತ್ತದೆ. ಒಮ್ಮೆ ಚೂರಾದ ಉದ್ದದ ದಾರಿಯನ್ನು ಮತ್ತೆ ಜೋಡಿಸುವುದು ಅಸಾಧ್ಯದ ಮಾತು. ಇದನ್ನು ತಡೆಯಲು 1983ರಲ್ಲಿ ಅಮೆರಿಕದ ಸಂಸತ್ತು ರೈಲ್‌ಬ್ಯಾಂಕಿಂಗ್ ಎಂಬ ಉಪಾಯ ತಂದಿತು: ಮುಂದೊಂದು ದಿನ ರೈಲು ಬರಬಹುದೆಂದು ಆ ಪಟ್ಟಿಯನ್ನು ಠೇವಣಿಯ ಹಾಗೆ ಇಟ್ಟು, ಅಲ್ಲಿಯವರೆಗೆ ಹಾದಿಯಾಗಿ ಬಳಸಬಹುದು. ವರ್ಮಾಂಟಿನ ದಂಪತಿಯೊಬ್ಬರು ಇದು ನಮ್ಮ ಭೂಮಿಯ ಕಬಳಿಕೆ ಎಂದು ಸುಪ್ರೀಂ ಕೋರ್ಟಿಗೆ ಹೋದರು. 1990ರಲ್ಲಿ ಕೋರ್ಟು ಕಾನೂನು ಸರಿ ಎಂದಿತು, ಆದರೆ ಭೂಮಾಲೀಕರು ಪರಿಹಾರ ಕೇಳಲು ದಾರಿ ಇದೆ ಎಂದೂ ಹೇಳಿತು. ಸೈಕಲ್ ಸವಾರರು ಈ ಭೂಮಾಲೀಕರನ್ನು ಹಾದಿಯ ಶತ್ರುಗಳೆಂದು ನೋಡುವುದುಂಟು. ನನಗೆ ಹಾಗೆ ಅನಿಸುವುದಿಲ್ಲ. ರೈಲಿಗೆಂದು ಅಜ್ಜ ಬಿಟ್ಟುಕೊಟ್ಟ ನೆಲದಲ್ಲಿ ಅಪರಿಚಿತರು ವಿಹಾರಕ್ಕೆ ಬರುವಾಗ ಮೊಮ್ಮಗ ಒಂದು ಮಾತು ಕೇಳಿದರೆ ಅದು ಅನ್ಯಾಯವಲ್ಲ. ವೆಸ್ಟರ್ನ್ ಮೇರಿಲ್ಯಾಂಡ್ ಹಳಿ ಕೈಬಿಟ್ಟದ್ದು ಈ ಕಾನೂನಿಗಿಂತ ಮುಂಚೆ. ಹಾಗಾಗಿ ಅದನ್ನು ಹಂತ ಹಂತವಾಗಿ ಕೊಂಡು ಕೂಡಿಸಬೇಕಾಯಿತು. ಒಹಾಯೊಪೈಲ್ ಬಳಿಯ ಮೊದಲ ತುಂಡು ತೆರೆದದ್ದು 1986ರಲ್ಲಿ, ಪಿಟ್ಸ್‌ಬರ್ಗಿನ ಕೊನೆಯ ತುಂಡು 2013ರಲ್ಲಿ.

ಕಂಬರ್ಲ್ಯಾಂಡಿನಿಂದ ಮೊದಲ 24 ಮೈಲಿ ಏರು. ಉಗಿಬಂಡಿ ಎಳೆಯಬಲ್ಲ ಏರು ಅದು, ನೂರು ಅಡಿಗೆ ಎರಡು ಅಡಿಗಿಂತ ಕಡಿಮೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲುಹಳಿಯ ಇಳಿಜಾರು 50ಕ್ಕೆ 1, ಅದಕ್ಕಿಂತ ಇದು ತುಸು ಸೌಮ್ಯ. ಉಸಿರು ಕಟ್ಟುವುದಿಲ್ಲ, ಆದರೆ ಮುಗಿಯುವುದೂ ಇಲ್ಲ. ಮೇಲೆ ಬಿಗ್ ಸ್ಯಾವೇಜ್ ಸುರಂಗ, 3,294 ಅಡಿ. ಒಳಗೆ ಮಂಜುಗಟ್ಟಿ ಗೋಡೆ ಬಿರಿಯದಿರಲೆಂದು ಚಳಿಗಾಲದಲ್ಲಿ ಅದಕ್ಕೆ ಬಾಗಿಲು ಹಾಕುತ್ತಾರೆ. ಸುರಂಗ ದಾಟಿ ಸ್ವಲ್ಪ ದೂರದಲ್ಲಿ 2,392 ಅಡಿ ಎತ್ತರದ ಜಲವಿಭಾಜಕ. ಅಲ್ಲಿ ಬಿದ್ದ ಮಳೆ ಒಂದು ಕಡೆ ಅಟ್ಲಾಂಟಿಕ್ ಕರಾವಳಿಗೆ, ಇನ್ನೊಂದು ಕಡೆ ಒಹಾಯೊ, ಮಿಸಿಸಿಪ್ಪಿ ಹಿಡಿದು ಮೆಕ್ಸಿಕೊ ಕೊಲ್ಲಿಗೆ.

ಆಮೇಲೆ ಇಳಿಜಾರು, ಎರಡೂ ಬದಿ ದಟ್ಟ ಮರ. ಎದುರು ದಂಡೆಯಲ್ಲಿ ರೈಲು ಕೂಗುವುದು ಕೇಳುತ್ತದೆ, ಎಲೆಗಳ ಮರೆಯಲ್ಲಿ ಕಾಣುವುದಿಲ್ಲ. ಇನ್ನೂ ಪಶ್ಚಿಮಕ್ಕೆ ಹೋದರೆ ಬದಿಯ ತೊರೆಗಳು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಮುಚ್ಚಿದ ಕಲ್ಲಿದ್ದಲು ಗಣಿಗಳಿಂದ ಒಸರುವ ಕಬ್ಬಿಣದ ನೀರು ಅದು. ಫೋಟೋಕ್ಕೆ ಚೆನ್ನಾಗಿದೆ ಎಂದು ಜನ ಅಲ್ಲಿ ನಿಲ್ಲುತ್ತಾರೆ. ವ್ಯಾನ್ ಮೀಟರ್ ಎಂಬಲ್ಲಿ ಹಾದಿಯ ಪಕ್ಕ ಡಾರ್ ಗಣಿಯ ಫಲಕವಿದೆ: 1907ರ ಡಿಸೆಂಬರ್ 19ರ ಸ್ಫೋಟದಲ್ಲಿ 239 ಮಂದಿ ಸತ್ತರು. ಅವರಲ್ಲಿ ಬಹಳ ಜನ ಹಂಗೇರಿಯ ಕಡೆಯಿಂದ ಬಂದ ವಲಸಿಗರು. ಪಿಟ್ಸ್‌ಬರ್ಗ್ ಹತ್ತಿರವಾಗುತ್ತಿದ್ದಂತೆ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ ಹಳೆಯ ಪಂಪ್‌ಹೌಸ್. 1892ರ ಜುಲೈ 6ರಂದು ಮುಷ್ಕರ ಹೂಡಿದ ಕಾರ್ಮಿಕರಿಗೂ ಕಂಪನಿ ದೋಣಿಯಲ್ಲಿ ಕರೆತಂದ ಪಿಂಕರ್ಟನ್ ಸಂಸ್ಥೆಯ ಬಂದೂಕುಧಾರಿಗಳಿಗೂ ಗುಂಡಿನ ಕಾಳಗ ನಡೆದದ್ದು ಈ ದಂಡೆಯಲ್ಲಿ. ಆ ಕಾರ್ಖಾನೆ ಮುಚ್ಚಿದ್ದು 1986ರಲ್ಲಿ, ಒಹಾಯೊಪೈಲಿನಲ್ಲಿ ಹಾದಿಯ ಮೊದಲ ತುಂಡು ತೆರೆದ ವರ್ಷವೇ.

ಹಾದಿ ಮುಗಿಯುವುದು ಪಿಟ್ಸ್‌ಬರ್ಗಿನಲ್ಲಿ ಅಲೆಘೆನಿ, ಮೊನಾಂಗಹೀಲಾ ನದಿಗಳು ಕೂಡಿ ಒಹಾಯೊ ಆಗುವ ಮೂಲೆಯಲ್ಲಿ. 1754ರಲ್ಲಿ ವಾಷಿಂಗ್ಟನ್ ತಲುಪಲಾಗದ ಕೋಟೆ ಇದ್ದದ್ದು ಅಲ್ಲೇ. 1828ರಲ್ಲಿ ಆಡಮ್ಸ್ ಕೋಟು ಬಿಚ್ಚಿ ಅಗೆದ ಕಾಲುವೆ ಮುಟ್ಟಬೇಕಾಗಿದ್ದದ್ದೂ ಅಲ್ಲಿಗೇ. ನೀರಿನ ಕಾರಂಜಿಯ ಸುತ್ತ ಸೈಕಲ್ ಒರಗಿಸಿ ಜನ ಬೂಟು ಬಿಚ್ಚಿ ಕೂತಿರುತ್ತಾರೆ. ಮೊನಾಂಗಹೀಲಾದಲ್ಲಿ ಕಲ್ಲಿದ್ದಲು ತುಂಬಿದ ಬಾರ್ಜುಗಳು ಈಗಲೂ ಹೋಗುತ್ತವೆ.